ಸೊನೆ, ಮೇಣ, ಹಾಲು, ಒಗರು: ಬಟ್ಟೆಗೆ ಹತ್ತಿದ ಮರದ ಕಲೆ

ಮಹಾನಗರದ ವಸತಿ ಸಮುಚ್ಚಯಗಳಲ್ಲಿ ವಾಹನಕ್ಕೆ ಸೂರು ದೊರೆಯುವುದು ಎಲ್ಲರ ಭಾಗ್ಯವಲ್ಲ. ಸ್ಕೂಟರನ್ನೋ ಕಾರನ್ನೋ ಆವರಣದ ಮರದಡಿಯಲ್ಲಿ ನಿಲ್ಲಿಸಿ, ಬಟ್ಟೆಯ ಹೊದಿಕೆ ಹೊದಿಸಿ ಬರುವುದು ರೂಢಿ. ಬೇಸಿಗೆ ಕಳೆಯುವಷ್ಟರಲ್ಲಿ ಆ ಹೊದಿಕೆಯ ಮೇಲೆ ಜಿಗುಟು ಹನಿಗಳೂ ಕಂದು ಕಲೆಗಳೂ ಧೂಳಿನೊಡನೆ ಕಲೆತ ಕರಿ ಹೆಪ್ಪುಗಳೂ ಕಾಣಿಸಿಕೊಳ್ಳುತ್ತವೆ. ಆಗ ಮನೆಯಲ್ಲಿ ಯಾರಾದರೊಬ್ಬರು ಸೀಮೆಎಣ್ಣೆಯನ್ನೋ ಪೆಟ್ರೋಲನ್ನೋ ಚಿಂದಿಗೆ ಸುರಿದುಕೊಂಡು ಉಜ್ಜತೊಡಗುತ್ತಾರೆ. ಕಲೆ ಹರಡುತ್ತದೆ, ವಾಸನೆ ಮನೆ ತುಂಬುತ್ತದೆ, ಕೈ ಉರಿಯುತ್ತದೆ. ಎಲ್ಲ ಕಲೆಗೂ ಒಂದೇ ಮದ್ದೆಂದು ಭಾವಿಸಿದ್ದರ ಫಲವಿದು.

ಊರಿನಲ್ಲಿ ಹಿರಿಯರು ಹಾಗೆ ಭಾವಿಸಿದವರಲ್ಲ. ಮಾವಿನದು ಸೊನೆ, ಹಲಸಿನದು ಮೇಣ, ಎಕ್ಕ ಕಳ್ಳಿಗಳದು ಹಾಲು, ಬಾಳೆಯದು ಒಗರು, ಜಾಲಿ ಬೇವುಗಳದು ಅಂಟು, ಧೂಪದ ಮರದ್ದು ರಾಳ. ನಗರದಲ್ಲಿ ಬೆಳೆದ ಮಕ್ಕಳು ಇವೆಲ್ಲವನ್ನೂ ‘ಗಮ್’ ಎಂದುಬಿಡುತ್ತಾರೆ. ಮುಂಬಯಿ, ಪುಣೆಯ ಕಡೆಯವರಾದರೆ ನೆರೆಯ ಮರಾಠಿಯಿಂದ ಕಲಿತ ‘ಚೀಕ್’ ಎಂಬ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ಈ ಬೇರೆ ಬೇರೆ ಹೆಸರುಗಳು ಬರಿಯ ಅಲಂಕಾರವಲ್ಲ. ಅವು ಬೇರೆ ಬೇರೆ ವಸ್ತುಗಳು; ಅವುಗಳನ್ನು ತೆಗೆಯುವ ಬಗೆಯೂ ಬೇರೆ.

ಮೊದಲು ನೋಡಬೇಕಾದದ್ದು ಹೊದಿಕೆಯ ಮೇಲೆ ಬಿದ್ದದ್ದು ಮರದ ರಸವೇ ಹೌದೇ ಎಂಬುದನ್ನು. ಅನೇಕ ವೇಳೆ ಅಲ್ಲ. ಎಲೆ ಚಿಗುರುಗಳ ರಸ ಹೀರುವ ಹಿಟ್ಟುತಿಗಣೆ, ಸಸ್ಯಹೇನು, ಮಾವು ಹೂ ಬಿಟ್ಟಾಗ ಮುತ್ತುವ ಜಿಗಿಹುಳು ಇವು ಹೊರಹಾಕುವ ಸಕ್ಕರೆಯಂಥ ದ್ರವವೇ ಮರದಿಂದ ತೊಟ್ಟಿಕ್ಕುತ್ತದೆ. ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುವುದರಿಂದ ಕಲೆ ಕಪ್ಪಾಗಿ ತೋರುತ್ತದೆ. ಇರುವೆಗಳು ಸಾಲುಗಟ್ಟಿದ್ದರೆ ಅನುಮಾನವೇ ಬೇಡ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿಟ್ಟಾಗ ಕಲೆ ಮೆದುವಾದರೆ ಅದು ಇಂಥ ಸಿಹಿದ್ರವ ಅಥವಾ ಅಂಟು. ಉಗುರುಬೆಚ್ಚಗಿನ ನೀರು, ಸಾಬೂನು ಸಾಕು. ಸೀಮೆಎಣ್ಣೆಯ ಪ್ರಯೋಗಕ್ಕೆ ಗುರಿಯಾಗುವ ಎಷ್ಟೋ ಹೊದಿಕೆಗಳಿಗೆ ಬೇಕಾಗಿದ್ದುದು ಒಂದು ಬಕೆಟ್ ನೀರು ಮಾತ್ರ.

ನೀರಿಗೆ ಜಗ್ಗದಿದ್ದರೆ ಅದು ಸೊನೆ ಅಥವಾ ರಾಳದ ಜಾತಿ. ಇದಕ್ಕೆ ತಾಳ್ಮೆ ಬೇಕು. ಹೊದಿಕೆಯನ್ನು ನೆರಳಿನಲ್ಲಿ ಹರವಿ, ಮಂಜುಗಡ್ಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಲೆಯ ಮೇಲಿಟ್ಟರೆ ಅದು ಗಡುಸಾಗಿ ಪುಡಿಯಾಗುವ ಸ್ಥಿತಿಗೆ ಬರುತ್ತದೆ. ಚಮಚದ ಅಂಚಿನಿಂದ ಮೆಲ್ಲನೆ ಕೆರೆದು ತೆಗೆಯಬೇಕು. ಉಳಿದ ಪದರಕ್ಕೆ ಔಷಧದಂಗಡಿಯ ಸರ್ಜಿಕಲ್ ಸ್ಪಿರಿಟ್ ತಕ್ಕದ್ದು. 2020ರ ಕೋವಿಡ್ ಕಾಲದಿಂದ ಮನೆಮನೆಗೂ ಪರಿಚಿತವಾದ, ಆಲ್ಕೋಹಾಲ್ ಉಳ್ಳ ಸ್ಯಾನಿಟೈಸರೂ ಆದೀತು. ಕಲೆಯ ಕೆಳಗೆ ಹಳೆಯ ಹತ್ತಿ ಬಟ್ಟೆಯನ್ನಿಟ್ಟು, ಅಂಚಿನಿಂದ ನಡುವಿಗೆ ಬರುವಂತೆ ಒತ್ತಿ ಒತ್ತಿ ತೆಗೆಯಬೇಕೇ ಹೊರತು ಉಜ್ಜಬಾರದು. ಅಡಿಯ ಬಟ್ಟೆಯನ್ನು ಆಗಾಗ ಬದಲಿಸದಿದ್ದರೆ ಕರಗಿದ ಸೊನೆ ಮರಳಿ ಅಲ್ಲಿಯೇ ಕೂರುತ್ತದೆ. ಮಳೆನೀರು ತಡೆಯುವ ಹೊದಿಕೆಗಳಿಗೆ ತೆಳುವಾದ ಲೇಪವಿರುತ್ತದೆ. ಸ್ಪಿರಿಟ್ ಅದನ್ನೂ ಕೆಡಿಸಬಹುದಾದ್ದರಿಂದ ಮೊದಲು ಒಳಮೂಲೆಯಲ್ಲಿ ಒಂದು ಹನಿ ಹಾಕಿ ನೋಡುವುದು ಕ್ಷೇಮ. ಉಗುರುಬಣ್ಣ ತೆಗೆಯುವ ಅಸಿಟೋನ್ ಕೆಲವು ಕೃತಕ ನೂಲುಗಳನ್ನೇ ಕರಗಿಸುತ್ತದೆ. ಕಲೆ ಪೂರ್ತಿ ಹೋಗುವ ಮುನ್ನ ಇಸ್ತ್ರಿಯ ಬಿಸಿ ತಾಗಿಸಿದರಂತೂ ಸೊನೆ ಎಳೆಯೊಳಗೆ ಇಳಿದು ನೆಲೆಯೂರುತ್ತದೆ.

ಹಲಸಿನ ಮೇಣದ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಹಣ್ಣು ಬಿಡಿಸುವ ಮುನ್ನ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರುವ ಕ್ರಮ ಎಲ್ಲರೂ ಬಲ್ಲದ್ದು. ಬಟ್ಟೆಗೂ ಅದೇ ನ್ಯಾಯ: ಎಣ್ಣೆ ಹಚ್ಚಿ, ಮೇಣ ಸಡಿಲವಾದ ಮೇಲೆ ಕೆರೆದು, ಉಳಿದ ಎಣ್ಣೆಯ ಕಲೆಯನ್ನು ಸಾಬೂನಿನಿಂದ ತೊಳೆಯುವುದು.

ಬಾಳೆಯ ಒಗರು ಇವೆಲ್ಲಕ್ಕಿಂತ ಮೋಸಗಾರ. ಗಣೇಶೋತ್ಸವದಲ್ಲಿ, ರಾಜ್ಯೋತ್ಸವದಲ್ಲಿ ಮಂಟಪಕ್ಕೆ ಬಾಳೆಕಂದು ಕಟ್ಟುವ ಉತ್ಸಾಹಿ ತರುಣರ ಬಿಳಿ ಅಂಗಿಯ ಮೇಲೆ ಬಿದ್ದಾಗ ಅದು ಬರಿಯ ನೀರಿನಂತಿರುತ್ತದೆ. ಗಾಳಿ ತಾಗಿ ಸಂಜೆಯ ಹೊತ್ತಿಗೆ ಕಂದು, ಮರುದಿನಕ್ಕೆ ಕಪ್ಪು. ಹೆಚ್ಚಿದ ಬಾಳೆಕಾಯಿ ಕಪ್ಪಾಗದಿರಲೆಂದು ಗೃಹಿಣಿಯರು ಮಜ್ಜಿಗೆ ನೀರಿನಲ್ಲಿ ಹಾಕುವುದುಂಟಷ್ಟೆ. ಹುಳಿಯು ಆ ಬಣ್ಣ ಬರುವ ಕ್ರಿಯೆಯನ್ನು ನಿಧಾನಗೊಳಿಸುತ್ತದೆ. ಆದ್ದರಿಂದ ಹನಿ ಬಿದ್ದ ಕೂಡಲೆ ತಣ್ಣೀರಿನಲ್ಲಿ ಜಾಲಿಸಿ ನಿಂಬೆರಸ ಹಚ್ಚಿ ತೊಳೆಯಬೇಕು. ಒಣಗಿದ ಮೇಲೆ ಬಣ್ಣದ ಬಟ್ಟೆಯಿಂದ ಅದು ಪೂರ್ಣವಾಗಿ ಹೋಗುವ ಆಸೆಯನ್ನು ಬಿಡುವುದೇ ಮೇಲು. ಬಿಳಿಯ ಹತ್ತಿ ಬಟ್ಟೆಗೆ ಬ್ಲೀಚಿಂಗ್ ಮಾಡಬಹುದು. ಆದರೆ ಇಲ್ಲೊಂದು ಅಪಾಯ ಹೊಂಚಿದೆ. ನಿಂಬೆರಸವೋ ವಿನಿಗರ್ ಇಲ್ಲವೆ ಬಚ್ಚಲು ತೊಳೆಯುವ ಆಮ್ಲವೋ ಬ್ಲೀಚಿನೊಡನೆ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಪುಟ್ಟ ಬಚ್ಚಲುಮನೆಯಲ್ಲಿ ಅದು ಶ್ವಾಸಕೋಶಕ್ಕೆ ತೀವ್ರ ಹಾನಿ ಮಾಡಬಲ್ಲುದು, ಉಬ್ಬಸದವರಿಗಂತೂ ಪ್ರಾಣಾಪಾಯ. ಒಂದನ್ನು ಪೂರ್ತಿ ಜಾಲಿಸಿ ತೆಗೆಯದೆ ಇನ್ನೊಂದನ್ನು ಮುಟ್ಟಕೂಡದು.

ಸ್ಪಿರಿಟ್, ಪೆಟ್ರೋಲ್, ತಿನ್ನರ್‌ಗಳ ಆವಿ ಕಣ್ಣಿಗೆ ಕಾಣದೆ ದೂರಕ್ಕೆ ಹರಿಯುತ್ತದೆ. ಅಡುಗೆಯ ಒಲೆಯಷ್ಟೇ ಅಲ್ಲ, ದೇವರ ಮುಂದಿನ ನಂದಾದೀಪವೂ ಅದಕ್ಕೆ ಸಾಕು. ಪೆಟ್ರೋಲನ್ನು ಮನೆಯೊಳಗೆ ತರಲೇಬಾರದು. ಸ್ಪಿರಿಟ್ಟಿನ ಕೆಲಸವನ್ನು ಗಾಳಿಯಾಡುವ ಬಯಲಿನಲ್ಲಿ ಮಾಡಬೇಕು. ತಂಪುಪಾನೀಯದ ಖಾಲಿ ಸೀಸೆಯಲ್ಲಿ ಇವನ್ನು ತುಂಬಿಡುವ ದುರಭ್ಯಾಸದಿಂದ ಮಕ್ಕಳಿಗೆ ಒದಗುವ ವಿಪತ್ತನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಬಟ್ಟೆಯ ಕಲೆ ತೆಗೆಯಲು ಹೋಗಿ ಚರ್ಮಕ್ಕೆ ಕಲೆ ಅಂಟಿಸಿಕೊಳ್ಳುವ ಮಾತು. ಮಾವು, ಗೋಡಂಬಿ, ಭಲ್ಲಾತಕಗಳು ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಮಾವಿನ ತೊಟ್ಟು ಮುರಿದಾಗ ಚಿಮ್ಮುವ ಸೊನೆ ತುಟಿ ಕೆನ್ನೆಗಳನ್ನು ಸುಡುವುದು ಎಲ್ಲರಿಗೂ ಅನುಭವದ ಸಂಗತಿ. ಅದಕ್ಕೆ ಒಗ್ಗದ ದೇಹಪ್ರಕೃತಿಯವರಿಗೆ ಒಂದೆರಡು ದಿನ ಕಳೆದ ಮೇಲೆ ತುರಿಕೆ, ಗುಳ್ಳೆಗಳೂ ಏಳುತ್ತವೆ. ಭಲ್ಲಾತಕದ ಕಾಯಿಯ ಕಪ್ಪು ರಸವೇ ಹಿಂದೆ ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದ ಶಾಯಿ. ಮರಾಠಿಗರು ಬಿಬ್ಬಾ ಎನ್ನುವುದು ಇದನ್ನೇ. ಎಷ್ಟು ಒಗೆದರೂ ಹೋಗದಿರುವುದೇ ಅದರ ಗುಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಸೈನಿಕರಿಗೆ ಒಗೆದು ಬಂದ ಉಡುಪಿನ ಗುರುತು ತಾಗಿದೆಡೆಯಲ್ಲೆಲ್ಲ ಚರ್ಮದ ಉರಿಯೂತವೆದ್ದಿತು. 1943ರಲ್ಲಿ ಅಲ್ಲಿಯ ವೈದ್ಯರು ಇದನ್ನು ‘ಧೋಬಿ ಗುರುತಿನ ಚರ್ಮವ್ಯಾಧಿ’ ಎಂದೇ ವರದಿ ಮಾಡಿದರು. ಒಗೆದ ಬಟ್ಟೆಯಲ್ಲಿ ಉಳಿದ ಕಲೆಯೂ ನಿರುಪದ್ರವಿಯಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಸೊನೆ ಹತ್ತಿದ ಹೊದಿಕೆಯನ್ನು ಕೈಚೀಲ ತೊಟ್ಟು ಮುಟ್ಟಬೇಕು. ಮೈಗೆ ತಾಗಿದರೆ ಸ್ಪಿರಿಟ್ ಉಜ್ಜುತ್ತ ಕೂರದೆ ಸಾಬೂನು ನೀರಿನಿಂದ ತಡಮಾಡದೆ ತೊಳೆಯಬೇಕು.

ಎಕ್ಕದ ಹಾಲಿನದು ಬೇರೆಯೇ ಕಥೆ. ರಥಸಪ್ತಮಿಯ ಸ್ನಾನಕ್ಕೆ ಎಕ್ಕದ ಎಲೆ, ಚೌತಿಗೆ ಅದರ ಹೂವು ಬೇಕು. ಮಹಾರಾಷ್ಟ್ರದಲ್ಲಿ ಶನಿವಾರ ಹನುಮಂತನಿಗೆ ಅದೇ ಎಲೆಯ ಮಾಲೆ. ಕೊಯ್ದ ಕೈಯಿಂದ ಕಣ್ಣುಜ್ಜಿಕೊಂಡರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ ಊದಿಕೊಂಡು ದೃಷ್ಟಿ ಮಂಜಾಗುತ್ತದೆ. ವಿಶೇಷವೆಂದರೆ ಆಗ ನೋವು ಅಷ್ಟಾಗಿ ಇರದಿರಬಹುದು. ಅದರಿಂದಾಗಿಯೇ ಜನ ಅಲಕ್ಷ್ಯ ಮಾಡುತ್ತಾರೆ. ಕೂಡಲೆ ಹದಿನೈದು ಇಪ್ಪತ್ತು ನಿಮಿಷ ಶುದ್ಧ ನೀರಿನಿಂದ ಕಣ್ಣು ತೊಳೆದು, ಅದೇ ದಿನ ನೇತ್ರವೈದ್ಯರನ್ನು ಕಾಣಬೇಕು. ಎದೆಹಾಲು, ಹರಳೆಣ್ಣೆ ಮುಂತಾದುವನ್ನು ಕಣ್ಣಿಗೆ ಬಿಡಬಾರದು. ಬಟ್ಟೆಗೆ ಬಿದ್ದ ಆ ಹಾಲಿನ ಹನಿ ಹಸಿಯಾಗಿರುವಾಗ ತಣ್ಣೀರಿಗೇ ಹೋಗುತ್ತದೆ. ಅದನ್ನು ಕಣ್ಣು ತೊಳೆದ ಮೇಲೆ ನೋಡಿಕೊಂಡರಾಯಿತು.