ಸೆಂಟ್ರಿಂಗ್ ಬಿಚ್ಚಿದರೇನೇ ಹಲ್ಲು ಗಟ್ಟಿ!

ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಯಾವುದು ಅಂತ ಕೇಳಿದರೆ ಹೆಚ್ಚಿನವರು ‘ಮೂಳೆ’ ಅಂತಾರೆ. ಅಲ್ಲ, ಹಲ್ಲಿನ ಮೇಲಿನ ಹೊದಿಕೆ, ಅಂದರೆ ಎನಾಮೆಲ್. ಅದರ ತೂಕದಲ್ಲಿ ಸುಮಾರು ಶೇ. 96ರಷ್ಟು ಬರೀ ಖನಿಜ. ಉಳಿದದ್ದು ನೀರು ಮತ್ತು ಒಂಚೂರು ಪ್ರೋಟೀನ್.

ಆದರೆ ಶುರುವಿನಲ್ಲಿ ಹೀಗಿರಲ್ಲ. ಹಲ್ಲು ಇನ್ನೂ ವಸಡಿನೊಳಗೆ ಇರುವಾಗ ಎನಾಮೆಲ್ ಪನೀರ್ ಥರ ಮೆತ್ತಗಿರುತ್ತೆ. ಅದನ್ನು ಕಟ್ಟುವ ಜೀವಕೋಶಗಳ ಹೆಸರು ಅಮೆಲೋಬ್ಲಾಸ್ಟ್. ಇವು ಮೊದಲು ಸುರಿಯುವುದು ಪ್ರೋಟೀನ್ ಅನ್ನು. ಅದರಲ್ಲಿ ಬಹುಪಾಲು ಅಮೆಲೋಜೆನಿನ್ ಅನ್ನುವ ಒಂದೇ ಪ್ರೋಟೀನ್. ಇದರ ನಡುವೆ ಖನಿಜದ ಹರಳುಗಳು ತೆಳ್ಳನೆ ಪಟ್ಟಿಗಳಂತೆ ಉದ್ದುದ್ದ ಬೆಳೆಯುತ್ತವೆ.

ಮನೆ ಕಟ್ಟುವಾಗ ಮೋಲ್ಡ್ ಹಾಕೋಕೆ ಮುಂಚೆ ಸೆಂಟ್ರಿಂಗ್ ಹೊಡೀತಾರಲ್ಲ, ಈ ಪ್ರೋಟೀನ್ ಹಾಗೆ. ಅದಿಲ್ಲದೆ ಆಕಾರ ಬರಲ್ಲ. ಆದರೆ ಅದನ್ನು ಬಿಚ್ಚದಿದ್ದರೆ ಮನೆ ಮುಗಿಯೋದೂ ಇಲ್ಲ.

ಬಿಚ್ಚೋಕೆ ಇಬ್ಬರು ಕೆಲಸಗಾರರಿದ್ದಾರೆ, ಎರಡೂ ಕಿಣ್ವಗಳು. ಮೊದಲನೆಯದು ಎಂಎಂಪಿ-20. ಹರಳುಗಳು ಉದ್ದಕ್ಕೆ ಬೆಳೆಯುತ್ತಿರುವಾಗಲೇ ಇದು ಅಮೆಲೋಜೆನಿನ್ ಅನ್ನು ತುಂಡು ಮಾಡುತ್ತಾ ಹೋಗುತ್ತೆ. ಎರಡನೆಯದು ಕೆಎಲ್‌ಕೆ-4. ಎನಾಮೆಲ್ ಪೂರ್ತಿ ದಪ್ಪಕ್ಕೆ ಬಂದ ಮೇಲೆ ಇದರ ಸರದಿ. ಉಳಿದ ತುಂಡುಗಳನ್ನು ಪುಡಿಪುಡಿ ಮಾಡಿ ತೆರವು ಮಾಡಿಸುತ್ತೆ. ಖಾಲಿಯಾದ ಜಾಗಕ್ಕೆ ಹರಳುಗಳು ಅಗಲವಾಗಿ ಬೆಳೆದು ಒತ್ತೊತ್ತಾಗಿ ಕೂರುತ್ತವೆ. ಗಟ್ಟಿತನ ಬರೋದು ಆಗಲೇ.

ಈ ಕೆಲಸ ಕೈಕೊಟ್ಟರೆ? ಕೆಎಲ್‌ಕೆ-4 ಇಲ್ಲದ ಇಲಿಗಳಲ್ಲಿ ಎನಾಮೆಲ್ ದಪ್ಪವೇನೋ ಸರಿಯಿತ್ತು, ಆದರೆ ಚಕ್ಕೆಯೆದ್ದು ಉದುರುತ್ತಿತ್ತು. ಮನುಷ್ಯರಲ್ಲೂ ಈ ಎರಡು ಕಿಣ್ವಗಳ ಜೀನ್‌ಗಳಲ್ಲಿ ದೋಷ ಇರುವ ಕುಟುಂಬಗಳು 2004 ಮತ್ತು 2005ರಲ್ಲಿ ವರದಿಯಾದವು. ಹಲ್ಲು ಹುಟ್ಟುವಾಗಲೇ ಹಳದಿ-ಕಂದು ಬಣ್ಣ, ಬೇಗ ಸವೆತ. ಅಪ್ಪ-ಅಮ್ಮನ ಹಲ್ಲು ಚೆನ್ನಾಗಿದ್ದರೂ ಮಗುವಿಗೆ ಹೀಗಾಗಬಹುದು. ಅಂಥ ಮಗು ಎಷ್ಟು ಉಜ್ಜಿದರೂ ಬಣ್ಣ ಹೋಗಲ್ಲ, ‘ಸರಿಯಾಗಿ ಬ್ರಷ್ ಮಾಡಲ್ಲ’ ಅನ್ನೋ ಬೈಗುಳ ಮಾತ್ರ ತಪ್ಪಲ್ಲ.

ಜೀನ್ ಸರಿಯಿದ್ದರೂ ನೀರು ತೊಂದರೆ ಕೊಡಬಹುದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯ ಹಲವು ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಪ್ರೋಟೀನ್ ತೆರವಾಗೋದು ತಡವಾಗುತ್ತೆ, ಎನಾಮೆಲ್ ಒಳಗೊಳಗೇ ಟೊಳ್ಳಾಗಿ ಉಳಿಯುತ್ತೆ. ಬಿಳಿ ಮಚ್ಚೆ, ಜಾಸ್ತಿಯಾದರೆ ಕಂದು ಕಲೆ. ಇದೇ ದಂತ ಫ್ಲೋರೋಸಿಸ್. ಅಲ್ಲಿನ ಎಷ್ಟೋ ಜನ ಬಾಯಿಗೆ ಕೈ ಅಡ್ಡ ಇಟ್ಟು ನಗೋದು ಇದಕ್ಕೇ.

ಇಲ್ಲಿ ಮುಖ್ಯವಾದದ್ದು ಸಮಯ. ಬುದ್ಧಿಹಲ್ಲು ಬಿಟ್ಟರೆ ಉಳಿದ ಶಾಶ್ವತ ಹಲ್ಲುಗಳ ಎನಾಮೆಲ್ ಸುಮಾರು 8 ವರ್ಷದೊಳಗೆ ತಯಾರಾಗಿಬಿಡುತ್ತೆ. ಹಲ್ಲು ಹೊರಗೆ ಬರುವ ಹೊತ್ತಿಗೆ ಅಮೆಲೋಬ್ಲಾಸ್ಟ್‌ಗಳೂ ಇರಲ್ಲ. ಮುರಿದ ಮೂಳೆ ಕೂಡಿಕೊಳ್ಳುತ್ತೆ, ಹೋದ ಎನಾಮೆಲ್ ಮತ್ತೆ ಹುಟ್ಟಲ್ಲ. ದಂತವೈದ್ಯರು ಮೇಲೆ ಹೊದಿಕೆ ಹಾಕಬಹುದು, ಅಷ್ಟೇ.

ಹಾಗಾಗಿ ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಬೋರ್‌ವೆಲ್ ನೀರು ಕುಡಿಯುತ್ತಿದ್ದರೆ ಒಮ್ಮೆ ಟೆಸ್ಟ್ ಮಾಡಿಸಿ. ನಮ್ಮ ದೇಶದ ಮಾನಕದ ಪ್ರಕಾರ ಲೀಟರ್‌ಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ಆರ್‌ಒ ಫಿಲ್ಟರ್ ಕಮ್ಮಿ ಮಾಡುತ್ತೆ. ಹಾಗಂತ ಫ್ಲೋರೈಡ್ ಪೇಸ್ಟ್ ಬಿಸಾಡಬೇಡಿ, ಹಿತಮಿತವಾಗಿದ್ದರೆ ಅದು ಹುಳುಕು ತಡೆಯುತ್ತೆ. 3 ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿ ಕಾಳಿನಷ್ಟು ಸಾಕು. ನುಂಗದೆ ಉಗಿಯೋದನ್ನು ಕಲಿಸಿ.

ಇನ್ನು ಯಾರದ್ದಾದರೂ ಹಲ್ಲಿನ ಕಲೆ ಕಣ್ಣಿಗೆ ಬಿದ್ದರೆ, ಉಪದೇಶ ಮಾಡೋ ಮುಂಚೆ ಒಂದು ಕ್ಷಣ ಯೋಚಿಸಿ. ಆ ಕಲೆ ಬಿದ್ದದ್ದು ಅವರು ಬ್ರಷ್ ಹಿಡಿಯೋದು ಕಲಿಯುವುದಕ್ಕೂ ಮುಂಚೆ ಇರಬಹುದು.