ಕೃತಕ ಕಾಲು ಅಟ್ಟ ಸೇರದಿರಲಿ

ಸಕ್ಕರೆ ಕಾಯಿಲೆಯ ಗಾಯದಿಂದಲೋ ಅಪಘಾತದಿಂದಲೋ ಕಾಲು ಕಳೆದುಕೊಂಡವರು ನಮ್ಮ ವಾಳೆಗಳಲ್ಲೂ ಇದ್ದಾರೆ. ಶಿಬಿರದಲ್ಲಿ ಸಿಕ್ಕಿದ ಕೃತಕ ಕಾಲನ್ನು ಅಟ್ಟಕ್ಕೆ ಹಾಕಿ ಮತ್ತೆ ಊರುಗೋಲು ಹಿಡಿದವರೂ ಉಂಟು. ಇದು ಸೋಮಾರಿತನವಲ್ಲ. ಹೆಚ್ಚಾಗಿ ಕಾಲು ಹೊಂದದೆ ನೋವಾಗಿರುತ್ತದೆ.

ನಮ್ಮ ಬದುಕಿಗೆ ಒಗ್ಗುವ ಪಾದ ಬಂದದ್ದು 1968ರಲ್ಲಿ, ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಿಂದ. ಅದಕ್ಕೂ ಮೊದಲಿನ ವಿದೇಶಿ ಮಾದರಿಗೆ ಬೂಟು ಬೇಕಿತ್ತು, ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ರಬ್ಬರಿನ ಪಾದ ಎಲ್ಲ ಕಡೆಗೂ ಬಾಗುತ್ತದೆ. ಬರಿಗಾಲಲ್ಲಿ ಗದ್ದೆಗೂ ಇಳಿಯಬಹುದು. 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ವೈದ್ಯರಿಗೆ. ಶರ್ಮಾ ಅವರ ಹೆಸರು ಬಲ್ಲವರು ಕಡಿಮೆ. 1975ರಲ್ಲಿ ಡಿ.ಆರ್. ಮೆಹ್ತಾ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಈ ಕಾಲನ್ನು ಉಚಿತವಾಗಿ ಕೊಡುತ್ತಾ ಬಂದಿದೆ.

ಆದರೆ ಪಾದ ಎಷ್ಟೇ ಒಳ್ಳೆಯದಿದ್ದರೂ ಮುಖ್ಯವಾದುದು ಸಾಕೆಟ್, ಅಂದರೆ ಉಳಿದ ಕಾಲು ಕೂರುವ ಬಟ್ಟಲು. ಮೊಣಕಾಲಿನ ಕೆಳಗೆ ಕತ್ತರಿಸಿದವರಲ್ಲಿ ದೇಹದ ಭಾರ ತುದಿಯ ಮೇಲೆ ಬೀಳಬಾರದು. ಮೊಣಚಿಪ್ಪಿನ ಕೆಳಗಿನ ಸ್ನಾಯುರಜ್ಜು ಮತ್ತು ಸುತ್ತಲಿನ ಮಾಂಸ ಅದನ್ನು ಹೊರಬೇಕು. ಶಸ್ತ್ರಚಿಕಿತ್ಸೆಯ ನಂತರ ಬಾವು ಇಳಿದು, ಮುಂದೆ ತಿಂಗಳುಗಟ್ಟಲೆ ಕಾಲು ಸಣ್ಣದಾಗುತ್ತಾ ಹೋಗುತ್ತದೆ. ಮೊದಲ ಸಾಕೆಟ್ ಸಡಿಲವಾಗುವುದು ಸಹಜ. ಆಗ ಹತ್ತಿಯ ಕಾಲುಚೀಲವನ್ನು ಇನ್ನೊಂದು ಪದರ ಹಾಕಬೇಕು, ಸಾಲದಿದ್ದರೆ ಸಾಕೆಟ್ ಬದಲಿಸಬೇಕು. ಇದನ್ನು ಹೇಳಿಕೊಡುವವರಿಲ್ಲದೆ ಎಷ್ಟೋ ಮಂದಿ ಕೈಬಿಡುತ್ತಾರೆ.

ಮನೆಯವರ ಪ್ರೀತಿಯೂ ಕೆಲವೊಮ್ಮೆ ತೊಂದರೆ ಮಾಡುತ್ತದೆ. ನೋವೆಂದು ಮೊಣಕಾಲಿನ ಅಡಿಗೆ ದಿಂಬು ಇಟ್ಟರೆ ಕೀಲು ಮಡಚಿದಂತೆಯೇ ಬಿಗಿಯುತ್ತದೆ; ಆಮೇಲೆ ಕೃತಕ ಕಾಲು ತೊಡಿಸುವುದು ಕಷ್ಟ. ಮೊಣಕಾಲು ನೇರವಾಗಿಯೇ ಇರಲಿ. ಸಕ್ಕರೆ ಕಾಯಿಲೆಯವರಿಗೆ ಸ್ಪರ್ಶ ಮಂದವಾಗಿರುವುದರಿಂದ ದಿನಾ ಸಂಜೆ ಕನ್ನಡಿ ಹಿಡಿದು ಚರ್ಮ ನೋಡಬೇಕು. ಕೆಂಪು ಗುರುತು ಮಾಸದೆ ಉಳಿದರೆ ಕಾಲನ್ನು ತೆಗೆದಿಟ್ಟು ತಯಾರಿಸಿದವರಲ್ಲಿಗೆ ಹೋಗಬೇಕು.

ಆದ್ದರಿಂದ ಶಿಬಿರ ನಡೆಸುವ ಧರ್ಮಕೇಂದ್ರಗಳಲ್ಲಿ ನಮ್ಮ ವಿನಂತಿ: ವಿತರಣೆಯ ಫೋಟೋ ತೆಗೆದ ತಿಂಗಳ ನಂತರ ಗುರಿಕಾರರು ಆ ಮನೆಗಳಿಗೆ ಒಮ್ಮೆ ಹೋಗಲಿ. ಸೊಟ್ಟಪಾದದ ಮಗುವಿದ್ದ ಮನೆಗೂ ಹೋಗಲಿ. ಪೊನ್‌ಸೆಟಿ ವಿಧಾನದಲ್ಲಿ ಪ್ಲಾಸ್ಟರ್ ಹಾಕಿ ಪಾದ ಸರಿಪಡಿಸಿದ ಮೇಲೆ ಸರಳಿಗೆ ಜೋಡಿಸಿದ ಬೂಟನ್ನು ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ನಂತರ ಸುಮಾರು ನಾಲ್ಕು ವರ್ಷ ತುಂಬುವವರೆಗೆ ನಿದ್ದೆಯಲ್ಲಿ ಹಾಕಬೇಕು. ಮಗು ಅಳುತ್ತದೆಂದು ಬಿಚ್ಚಿಟ್ಟರೆ ಪಾದ ಮತ್ತೆ ಸೊಟ್ಟಗಾಗುತ್ತದೆ.