ಸರಳೀಕರಣದ ಅಪಾಯ: ಕರ್ನಲ್ ತಿದ್ದುಪಡಿಗಳ ಪರಿಶೀಲನೆ ಮತ್ತು ಗ್ರಂಥಸಂಪಾದನೆ

ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಆದೋನಿ, ಆಲೂರು ತಾಲ್ಲೂಕುಗಳು ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯವನ್ನು ಸೇರಿದವು. ಆಡಳಿತದ ಗಡಿ ಬದಲಾದರೂ ಇಲ್ಲಿನ ಅನೇಕ ಊರುಗಳಲ್ಲಿ ಕನ್ನಡವು ಮನೆಮಾತಾಗಿ ಉಳಿದಿದೆ. ಇಂಥ ಪ್ರದೇಶದ ಹಾಡು, ಕಥನ, ಪತ್ರ, ಶಾಲಾ ಬರಹಗಳು ಇಂದು ಸಂಗ್ರಹವಾಗುವುದು ಕಂಪ್ಯೂಟರಿನಲ್ಲಿ ಅಥವಾ ಫೋನಿನಲ್ಲಿ. ಪ್ರಸಿದ್ಧ ಪುಸ್ತಕಕ್ಕೆ ಸಾವಿರಾರು ಪ್ರತಿಗಳಿರುತ್ತವೆ; ಅಲ್ಪಸಂಖ್ಯಾತ ಭಾಷಿಕರ ಬರಹಕ್ಕೆ ಎಷ್ಟೋ ವೇಳೆ ಒಂದೇ ಪ್ರತಿ. ಆದ್ದರಿಂದ ಅಕ್ಷರವನ್ನು ಡಿಸ್ಕಿನಲ್ಲಿ ಇರಿಸಿ ಮರಳಿ ಕೊಡುವ ತಂತ್ರಾಂಶವನ್ನು ತಿದ್ದುವವರು ಯಾರು, ಆ ತಿದ್ದುಪಡಿ ಪರೀಕ್ಷೆಗೊಳಗಾಗುವುದು ಹೇಗೆ ಎಂಬ ಪ್ರಶ್ನೆ ನಮ್ಮ ಅಧ್ಯಯನಕ್ಕೂ ಸೇರಿದ್ದು.

ಕಂಪ್ಯೂಟರಿನ ಯಂತ್ರಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ವ್ಯವಹಾರ ನಡೆಸುವ ಮೂಲ ತಂತ್ರಾಂಶವೇ ಕರ್ನಲ್. ಒಂದು ಬರಹವನ್ನು ಉಳಿಸೆಂದು ನಾವು ಆಜ್ಞಾಪಿಸಿದಾಗ, ಅದು ಡಿಸ್ಕಿನ ಎಷ್ಟನೆಯ ಖಾನೆಗೆ ಹೋಗಬೇಕೆಂಬುದನ್ನು ಲೆಕ್ಕಹಾಕುವುದು ಕರ್ನಲ್‌ನ ಕೆಲಸ. ಲಿನಕ್ಸ್ ಎಂಬ ಕರ್ನಲ್ ಅಸಂಖ್ಯ ಸರ್ವರುಗಳಲ್ಲಿಯೂ ಎಲ್ಲ ಆಂಡ್ರಾಯ್ಡ್ ಫೋನುಗಳಲ್ಲಿಯೂ ಇದೆ. ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ದರ ನೋಡುವ ರೈತನ ಫೋನಿಗೂ ಅದೇ ಆಧಾರ.

ಲಿನಕ್ಸ್‌ನಲ್ಲಿ ತಿದ್ದುಪಡಿಯನ್ನು ‘ಪ್ಯಾಚ್’ ಎನ್ನುತ್ತಾರೆ. ತೆಗೆದ ಸಾಲಿನ ಮುಂದೆ ಕಳೆಯುವ ಚಿಹ್ನೆ, ಸೇರಿಸಿದ ಸಾಲಿನ ಮುಂದೆ ಕೂಡುವ ಚಿಹ್ನೆ ಇರುತ್ತದೆ. ಬದಲಾವಣೆಯ ಕಾರಣವನ್ನು ಮೇಲೆ ಗದ್ಯದಲ್ಲಿ ವಿವರಿಸಬೇಕು. ಬರೆದವರು ತಮ್ಮ ಹೆಸರನ್ನು, ಪರಿಶೀಲಿಸಿದವರು ತಮ್ಮ ಹೆಸರನ್ನು ಬೇರೆಬೇರೆಯಾಗಿ ದಾಖಲಿಸುತ್ತಾರೆ. ಆಯಾ ವಿಭಾಗದ ನಿರ್ವಾಹಕರು ಒಪ್ಪಿದ ಮೇಲೆ ಅದು ಮುಖ್ಯ ಪಾಠಕ್ಕೆ ಸೇರುತ್ತದೆ.

ಈ ಕ್ರಮವನ್ನು ದಾಟಿಯೂ ದೋಷವೊಂದು ನುಸುಳಿದ ಪ್ರಸಂಗ ೨೦೨೧ರಲ್ಲಿ ನಡೆಯಿತು. ಫೆಬ್ರವರಿ ಕೊನೆಯಲ್ಲಿ ಲಿನಕ್ಸ್ ೫.೧೨ರ ಮೊದಲ ಪರೀಕ್ಷಾ ಆವೃತ್ತಿ ಹೊರಬಂದಿತು. ಅದರಲ್ಲಿ ‘ಸ್ವಾಪ್’ ಸಂಬಂಧವಾದ ಒಂದು ಸರಳೀಕರಣವಿತ್ತು. ಮೆಮೊರಿ ಸಾಲದಾದಾಗ ಅಲ್ಲಿನ ಮಾಹಿತಿಯ ಒಂದು ಭಾಗವನ್ನು ಡಿಸ್ಕಿನ ಮೀಸಲು ಜಾಗಕ್ಕೆ ತಾತ್ಕಾಲಿಕವಾಗಿ ಸಾಗಿಸುವುದೇ ಸ್ವಾಪ್. ಆ ಜಾಗ ಡಿಸ್ಕಿನ ಪ್ರತ್ಯೇಕ ವಿಭಾಗವಾಗಿರಬಹುದು, ಇಲ್ಲವೇ ಇತರ ಕಡತಗಳ ನಡುವಿನ ಒಂದು ಕಡತವಾಗಿರಬಹುದು. ಕಡತವಾಗಿದ್ದರೆ, ಅದು ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಲೇಬೇಕು. ಸರಳೀಕರಣದಲ್ಲಿ ಕಳೆದುಹೋದದ್ದು ಆ ಆರಂಭಸ್ಥಾನವೇ. ಪರಿಣಾಮವಾಗಿ ತಾತ್ಕಾಲಿಕ ಮಾಹಿತಿ ಬೇರೆ ಕಡತಗಳಿದ್ದ ಜಾಗದ ಮೇಲೆ ಬರೆಯಲ್ಪಟ್ಟು, ಅಲ್ಲಿದ್ದುದನ್ನು ಅಳಿಸತೊಡಗಿತು.

ಇದನ್ನು ನಮ್ಮ ಭೂದಾಖಲೆಯ ನಿದರ್ಶನದಿಂದ ತಿಳಿಯಬಹುದು. ಇಪ್ಪತ್ತನೆಯ ಸರ್ವೆ ನಂಬರು ಊರೂರಿಗೂ ಇರುತ್ತದೆ. ಊರಿನ ಹೆಸರನ್ನು ಬಿಟ್ಟು ನಂಬರನ್ನಷ್ಟೇ ಬರೆದರೆ ಪತ್ರ ಚೊಕ್ಕಟವಾಗಿ ಕಾಣುತ್ತದೆ. ಒಂದೇ ಊರಿನ ಲೆಕ್ಕ ಇಡುವವನಿಗೆ ತೊಂದರೆಯೂ ತೋರದು. ತಾಲ್ಲೂಕಿನ ಮಟ್ಟಕ್ಕೆ ಹೋದೊಡನೆ ಒಬ್ಬನ ಹೊಲ ಇನ್ನೊಬ್ಬನ ಪಾಲಾಗುತ್ತದೆ. ಸ್ವಾಪ್‌ಗೆ ಪ್ರತ್ಯೇಕ ವಿಭಾಗ ಇರಿಸಿಕೊಂಡವರ ಯಂತ್ರಗಳಲ್ಲಿ ಆರಂಭಸ್ಥಾನ ಸೊನ್ನೆ; ಸೊನ್ನೆಯನ್ನು ಕೂಡಿಸಿದರೂ ಬಿಟ್ಟರೂ ಲೆಕ್ಕ ಒಂದೇ. ಆದ್ದರಿಂದ ಅಂಥ ಯಂತ್ರಗಳಲ್ಲಿ ಎಷ್ಟು ಪರೀಕ್ಷಿಸಿದರೂ ದೋಷ ಕಾಣುವಂತಿರಲಿಲ್ಲ.

ಗ್ರಂಥಸಂಪಾದನೆಯ ಅಭ್ಯಾಸಿಗಳಿಗೆ ಈ ದೋಷದ ಚಹರೆ ಪರಿಚಿತ. ಲಿಪಿಕಾರನ ಕೈತಪ್ಪಿನಿಂದ ಅರ್ಥಹೀನವಾದ ಪಾಠವನ್ನು ಯಾರಾದರೂ ಗುರುತಿಸುತ್ತಾರೆ. ಅಪಾಯವಿರುವುದು ಕ್ಲಿಷ್ಟವಾದ ಪಾಠವನ್ನು ಸುಗಮಗೊಳಿಸಿದ ಕಡೆ. ಅಲ್ಲಿ ಓದು ತಡೆಯುವುದಿಲ್ಲ, ಅನುಮಾನವೂ ಹುಟ್ಟುವುದಿಲ್ಲ. ಆದುದರಿಂದಲೇ ಎರಡು ಪಾಠಗಳು ಎದುರಾದಾಗ ಕ್ಲಿಷ್ಟವಾದುದನ್ನು ಸುಲಭವಾಗಿ ತಳ್ಳಿಹಾಕಬಾರದೆಂದು ಆ ಶಾಸ್ತ್ರ ಎಚ್ಚರಿಸುತ್ತದೆ. ಕರ್ನಲ್‌ನ ಪರಿಶೀಲಕನೂ ಕೂಡುವ ಚಿಹ್ನೆಯ ಸಾಲುಗಳನ್ನು ಓದಿದರಷ್ಟೇ ಸಾಲದು. ತೆಗೆದ ಸಾಲು ಯಾವ ಭಾರವನ್ನು ಹೊತ್ತಿತ್ತು, ಆ ಭಾರ ಈಗ ಎಲ್ಲಿದೆ ಎಂದು ಕೇಳಬೇಕು.

ದೋಷ ತಿಳಿದ ಮೇಲೆ ನಡೆದದ್ದೂ ಗಮನಾರ್ಹ. ಲೈನಸ್ ಟೊರ್ವಾಲ್ಡ್ಸ್ ಮಾರ್ಚ್ ೩ರಂದು ಬಹಿರಂಗವಾಗಿ ಎಚ್ಚರಿಕೆ ನೀಡಿ, ಆ ಆವೃತ್ತಿಯ ಹೆಸರಿಗೆ ‘ಬಳಸಬೇಡಿ’ ಎಂಬರ್ಥದ ಪದವನ್ನು ಅಂಟಿಸಿದರು. ತಿದ್ದಿದ ಎರಡನೆಯ ಆವೃತ್ತಿ ಮಾರ್ಚ್ ೫ರಂದೇ ಬಂದಿತು. ತಪ್ಪು ಆವೃತ್ತಿಯನ್ನು ಇತಿಹಾಸದಿಂದ ಅಳಿಸಲಿಲ್ಲ. ಅದನ್ನು ಆಧಾರವಾಗಿಟ್ಟುಕೊಂಡು ಹೊಸ ಕೆಲಸ ಆರಂಭಿಸಬಾರದೆಂದು ಅಭಿವೃದ್ಧಿಕಾರರಿಗೆ ತಿಳಿಸಲಾಯಿತು. ದೋಷಯುಕ್ತ ಮಾತೃಕೆಯಿಂದ ಇಳಿದ ಪ್ರತಿಗಳೆಲ್ಲ ದೋಷವನ್ನು ಹೊತ್ತೇ ಬರುತ್ತವೆ ಎಂಬ ತಿಳಿವಳಿಕೆ ಇಲ್ಲಿಯೂ ಕೆಲಸ ಮಾಡಿದೆ.

ಗಡಿನಾಡಿನ ಸಂಗ್ರಾಹಕರಿಗೆ ಇದರಿಂದ ಎರಡು ಮಾತು ಸಿಗುತ್ತವೆ. ಅತ್ಯಂತ ಎಚ್ಚರದ ಪರಿಶೀಲನೆಯನ್ನೂ ದೋಷ ದಾಟಬಲ್ಲದಾದ್ದರಿಂದ ಪ್ರತಿಗಳು ಬೇರೆಬೇರೆ ಡಿಸ್ಕುಗಳಲ್ಲಿ, ಸಾಧ್ಯವಾದರೆ ಬೇರೆಬೇರೆ ಊರುಗಳಲ್ಲಿ ಇರಬೇಕು. ಪ್ರತಿ ಕಡತದ ‘ಚೆಕ್‌ಸಮ್’ ಎಂಬ ಗಣಿತ ಮುದ್ರೆಯನ್ನು ಮೊದಲೇ ಬರೆದಿಟ್ಟುಕೊಂಡು ಆಗಾಗ ತಾಳೆ ನೋಡಬೇಕು. ಎರಡನೆಯದು ನಮ್ಮ ಸಂಪಾದನೆಗೇ ಸಂಬಂಧಿಸಿದ್ದು. ಆದೋನಿ ಸೀಮೆಯ ಹಾಡೊಂದನ್ನು ಬರೆದುಕೊಳ್ಳುವಾಗ ತೆಲುಗಿನ ಸೋಂಕು ತಗುಲಿದ ರೂಪವನ್ನೋ ಅಪರಿಚಿತ ಪ್ರತ್ಯಯವನ್ನೋ ಶಿಷ್ಟ ಕನ್ನಡಕ್ಕೆ ತಿದ್ದಿದರೆ ಪುಟ ಸುಂದರವಾಗುತ್ತದೆ, ಓದೂ ಸುಗಮವಾಗುತ್ತದೆ. ಆದರೆ ಆ ಹಾಡು ಯಾವ ಊರಿನದೆಂದು ಹೇಳುತ್ತಿದ್ದುದು ಆ ರೂಪವೇ.